ಹಂಚಿನ ಮೇಲಿನ ಮಳೆ, ಶೀಟಿನ ಮೇಲಿನ ಮಳೆ

ಫೋಲ್ಡರ್ ತೆರೆದರೆ ಸಾಲಾಗಿ ಒಂದೇ ಚಿತ್ರ, ಸಂಗೀತದ ಸ್ವರದ ಗುರುತು. ಅದರ ಕೆಳಗೆ ಆರ್‌ಇಸಿ001, ಆರ್‌ಇಸಿ002, ವಾಯ್ಸ್014, ನ್ಯೂ ರೆಕಾರ್ಡಿಂಗ್ 27. ಮೌಸಿನ ಚಕ್ರ ಉರುಳಿಸುತ್ತಾ ಕೆಳಗಿಳಿದರೂ ಅದೇ. ಒಟ್ಟು 418 ಫೈಲು. ಅಪ್ಪಯ್ಯ ಕೊನೆಯ ಹತ್ತು ಹನ್ನೆರಡು ವರ್ಷ ಕೂಡಿಟ್ಟ ಧ್ವನಿಯೆಲ್ಲ ಅಲ್ಲಿತ್ತು. ಯಾವುದರೊಳಗೆ ಏನಿದೆ ಎಂದು ಹೊರಗಿನಿಂದ ಹೇಳುವ ಒಂದು ಅಕ್ಷರವೂ ಇರಲಿಲ್ಲ.

ಅವರಿಗೆ ತಾಳಮದ್ದಲೆಯ ಹುಚ್ಚು. ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಮಳೆ ಹಿಡಿಯಿತೆಂದರೆ ಯಕ್ಷಗಾನ ಮೇಳಗಳ ತಿರುಗಾಟ ನಿಂತುಬಿಡುತ್ತದೆ. ಆಗ ವೇಷವಿಲ್ಲದೆ, ಕುಣಿತವಿಲ್ಲದೆ ಮನೆಯ ಜಗುಲಿಯಲ್ಲೇ ಪ್ರಸಂಗ. ಭಾಗವತರು ಪದ್ಯ ಹೇಳುತ್ತಾರೆ, ಮದ್ದಲೆ ಜೊತೆಗೂಡುತ್ತದೆ, ಅರ್ಥಧಾರಿಗಳು ಎದುರುಬದುರು ಕೂತು ಆ ಪದ್ಯದ ಎಳೆ ಹಿಡಿದು ವಾದಕ್ಕಿಳಿಯುತ್ತಾರೆ. ಮಾತು ಬರೆದಿಟ್ಟದ್ದಲ್ಲ. ಅದೇ ಕೃಷ್ಣ, ಅದೇ ಕರ್ಣ, ಆದರೆ ನಿನ್ನೆ ಆಡಿದ ಮಾತು ಇವತ್ತು ಇಲ್ಲ. ಅದಕ್ಕೇ ಅಪ್ಪಯ್ಯ ಟೇಪ್‌ರೆಕಾರ್ಡರ್ ಹಿಡಿದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಮೊದಲು ಕ್ಯಾಸೆಟ್ಟು, ಆಮೇಲೆ ಬೆರಳುದ್ದದ ಡಿಜಿಟಲ್ ರೆಕಾರ್ಡರು, ಕೊನೆಕೊನೆಗೆ ಫೋನು. ಅವರು ತೀರಿಕೊಂಡ ಮರುವರ್ಷದ ಆಷಾಢದಲ್ಲಿ ಹದಿನೈದು ದಿನ ರಜೆ ಹಾಕಿ ಊರಿಗೆ ಹೋದೆ. ಅಟ್ಟದ ಟ್ರಂಕಿನಲ್ಲಿ 62 ಕ್ಯಾಸೆಟ್ಟು, ಮೇಜಿನ ಖಾನೆಯಲ್ಲಿ ಒಂದು ಹಾರ್ಡ್‌ಡಿಸ್ಕು. ಮೊದಲು ಹಾರ್ಡ್‌ಡಿಸ್ಕನ್ನೇ ಜೋಡಿಸಿದ್ದೆ.

ಫೋಟೋಗಳಾಗಿದ್ದರೆ ಈ ಕಷ್ಟ ಬರುತ್ತಿರಲಿಲ್ಲ. ಸಾವಿರ ಫೋಟೋ ಇರುವ ಫೋಲ್ಡರಿನ ಮೇಲೆ ಕಣ್ಣಾಡಿಸಿದರೆ ಇದು ಉಪನಯನದ್ದು, ಇದು ಧರ್ಮಸ್ಥಳಕ್ಕೆ ಹೋದದ್ದು ಎಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಕಂಪ್ಯೂಟರು ಪ್ರತಿ ಚಿತ್ರಕ್ಕೂ ಉಗುರಗಲದ ಪ್ರತಿಯೊಂದನ್ನು ಮಾಡಿ ಬೇರೆ ಕಡೆ ಬಚ್ಚಿಟ್ಟುಕೊಂಡಿರುತ್ತದೆ, ಫೋಲ್ಡರ್ ತೆರೆದ ಕೂಡಲೇ ಅದನ್ನು ತಂದು ಹರಡುತ್ತದೆ. ವಿಡಿಯೋಗೂ ಹಾಗೇ, ಎಲ್ಲೋ ಒಂದು ಕಡೆಯ ಚೌಕಟ್ಟನ್ನು ಹೆಕ್ಕಿ ತೋರಿಸುತ್ತದೆ. ಎಲ್ಲಿಂದ ಹೆಕ್ಕುತ್ತದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ನಮ್ಮ ಮನೆತನದ ಮದುವೆ ವಿಡಿಯೋಗಳನ್ನೆಲ್ಲ ಒಂದೇ ಕಡೆ ಹಾಕಿದ್ದೆ. ಅಪ್ಪಯ್ಯನ ಹಳೆಯ ಕಂಪ್ಯೂಟರಿನಲ್ಲಿ ಏಳೂ ಫೈಲಿನ ಮೇಲೆ ಗಣಪತಿ! ನಮ್ಮ ಕಡೆ ಮದುವೆ ವಿಡಿಯೋ ಶುರುವಾಗುವುದೇ ಗಣಪತಿಯ ಚಿತ್ರ, ಶ್ಲೋಕ, ಆಮೇಲೆ ತಿರುಗುತ್ತಾ ಬರುವ ವಧೂವರರ ಹೆಸರಿನಿಂದ. ಆ ಕಂಪ್ಯೂಟರು ಶುರುವಿನ ಚೌಕಟ್ಟನ್ನೇ ಹೆಕ್ಕಿತ್ತು. ಅದೇ ಫೈಲುಗಳು ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಬೇರೆಬೇರೆ ಮುಖ ತೋರಿಸಿದವು. ಅದರಲ್ಲಿ ಈ ಕೆಲಸ ಮಾಡುವ ಎಫ್‌ಎಫ್‌ಎಂಪೆಗ್‌ಥಂಬ್‌ನೈಲರ್ ಎಂಬ ಪುಟ್ಟ ತಂತ್ರಾಂಶ, ನಾವು ಬೇರೆ ಹೇಳದಿದ್ದರೆ, ವಿಡಿಯೋದ ಹತ್ತನೇ ಒಂದು ಭಾಗ ಕಳೆದ ಮೇಲಿನ ಚೌಕಟ್ಟನ್ನು ತೆಗೆದುಕೊಳ್ಳುತ್ತದೆ. ಮೂರು ಗಂಟೆಯ ಮದುವೆಯಲ್ಲಿ ಅದು ಹದಿನೆಂಟನೇ ನಿಮಿಷ. ಅಷ್ಟು ಹೊತ್ತಿಗೆ ಗಣಪತಿ ಮುಗಿದು ದಿಬ್ಬಣ ಎದುರುಗೊಳ್ಳುವ ಶಾಸ್ತ್ರ ನಡೆದಿರುತ್ತದೆ, ಮದುಮಗನ ಮುಖ ಕಾಣುತ್ತದೆ. ಯಾರೋ ಒಬ್ಬ ತಂತ್ರಜ್ಞ ಎಲ್ಲೋ ಕೂತು ‘ಮೊದಲ ಚೌಕಟ್ಟು ಬೇಡ, ಸ್ವಲ್ಪ ಮುಂದೆ ಹೋಗೋಣ’ ಎಂದು ಯೋಚಿಸಿದ್ದಕ್ಕೆ ನನ್ನ ಅತ್ತೆಯ ಮದುವೆ ಯಾವುದೆಂದು ಫೈಲು ತೆರೆಯದೇ ಗೊತ್ತಾಯಿತು.

ಧ್ವನಿಗೆ ಈ ಸೌಲಭ್ಯವೇ ಇಲ್ಲ. ಸಿನಿಮಾ ಹಾಡಾದರೆ ಎಂಪಿ3 ಫೈಲಿನೊಳಗೇ ಮುಖಪುಟದ ಚಿತ್ರ ಸೇರಿಸಿರುತ್ತಾರೆ, ಅದು ಕಾಣುತ್ತದೆ. ಜಗುಲಿಯಲ್ಲಿ ಹಿಡಿದ ಧ್ವನಿಗೆ ಚಿತ್ರ ಯಾರು ಸೇರಿಸಬೇಕು? ಚಿತ್ರ ಇಡಿಯಾಗಿ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. ಧ್ವನಿ ಮಾತ್ರ ತನ್ನ ಹೊತ್ತು ತೆಗೆದುಕೊಂಡೇ ಬರಬೇಕು. ಇಣುಕಿ ನೋಡುವಂತೆ ಇಣುಕಿ ಕೇಳಲು ಬರುವುದಿಲ್ಲ.

ಕ್ಯಾಸೆಟ್ಟಿಗೆ ಒಂದು ಮುಖ ಇತ್ತು ಎಂಬುದು ನನಗೆ ಹೊಳೆದದ್ದೇ ಆಗ. ಟ್ರಂಕಿನಿಂದ ಒಂದನ್ನು ತೆಗೆದು ನೋಡಿದೆ. ನಡುವಿನ ಕಿಟಕಿಯಲ್ಲಿ ಎಡಗಡೆ ರೀಲು ದಪ್ಪ, ಬಲಗಡೆ ತೆಳ್ಳಗೆ. ಅಪ್ಪಯ್ಯ ಆ ದಪ್ಪ ನೋಡಿಯೇ ‘ಸಂಧಾನ ಇನ್ನೊಂದು ಬೆರಳು ಮುಂದಿದೆ’ ಎನ್ನುತ್ತಿದ್ದರು. ಪ್ಲೇ ಒತ್ತಿಕೊಂಡೇ ಮುಂದೋಡಿಸುವ ಗುಂಡಿ ಅರ್ಧ ಅದುಮಿದರೆ ಹಕ್ಕಿ ಮರಿಗಳ ಹಾಗೆ ಕಿಚಪಿಚ ಸದ್ದು ಬರುತ್ತಿತ್ತಲ್ಲ, ಆ ಕಿಚಪಿಚದಲ್ಲೇ ಅವರಿಗೆ ಪದ್ಯ ಯಾವುದು, ಅರ್ಥ ಯಾವುದು ಎಂದು ತಿಳಿಯುತ್ತಿತ್ತು. ಮದ್ದಲೆಯ ಪೆಟ್ಟು ಒಂದರ ಮೇಲೊಂದು ಬಿದ್ದರೆ ಪದ್ಯ. ಬಿಟ್ಟುಬಿಟ್ಟು ಬಂದರೆ ಮಾತು. ಅದು ಇಣುಕಿ ಕೇಳುವುದೇ. ಕಂಪ್ಯೂಟರಿನಲ್ಲಿ ಮುಂದಕ್ಕೆ ಹಾರಿದರೆ ನಡುವಿನದ್ದು ಮೌನ.

ಹಾಗಿದ್ದೂ ಕಂಪ್ಯೂಟರಿನಲ್ಲಿ ಕೇಳಲು ನನ್ನದೇ ಒಂದು ಕ್ರಮ ಮಾಡಿಕೊಂಡೆ. ಹಾಡು, ವಿಡಿಯೋ ನುಡಿಸುವ ವಿಎಲ್‌ಸಿ ಎಂಬ ತಂತ್ರಾಂಶದಲ್ಲಿ ಇಡೀ ಫೋಲ್ಡರನ್ನೇ ಒಮ್ಮೆಗೆ ತೆರೆಯಬಹುದು. ಕಂಟ್ರೋಲ್ ಹಿಡಿದು ಬಲಬಾಣ ಒತ್ತಿದರೆ ಒಂದು ನಿಮಿಷ ಮುಂದೆ, ಆಲ್ಟ್ ಹಿಡಿದು ಒತ್ತಿದರೆ ಹತ್ತು ಸೆಕೆಂಡು, ಶಿಫ್ಟ್ ಹಿಡಿದರೆ ಮೂರು. ಎನ್ ಒತ್ತಿದರೆ ಮುಂದಿನ ಫೈಲು. ಪ್ರತಿ ಫೈಲಿನಲ್ಲೂ ಮೊದಲು ಶುರುವಿನ ಹತ್ತು ಸೆಕೆಂಡು, ಆಮೇಲೆ ಐದು ನಿಮಿಷಕ್ಕೊಮ್ಮೆ ಹತ್ತು ಸೆಕೆಂಡು ಕೇಳಿದೆ. ಭಾಗವತರ ದನಿ ಸಿಕ್ಕಿದರೆ ಪ್ರಸಂಗದ ಹೆಸರು ಬಹುತೇಕ ಸಿಕ್ಕಂತೆ.

ವಿಎಲ್‌ಸಿಯ ಬಗ್ಗೆ ನನಗೆ ತುಂಬಾ ಗೌರವ. ಪ್ಯಾರಿಸ್ಸಿನ ಒಂದು ಎಂಜಿನಿಯರಿಂಗ್ ಕಾಲೇಜು, ಎಕೋಲ್ ಸೆಂಟ್ರಾಲ್‌ನಲ್ಲಿ ವಿದ್ಯಾರ್ಥಿಗಳು 1996ರಲ್ಲಿ ಕೈಹಾಕಿದ ಕೆಲಸ ಅದು. 2001ರ ಫೆಬ್ರವರಿ 1ರಂದು ಎಲ್ಲರಿಗೂ ಮುಕ್ತವಾಯಿತು. ಅದಕ್ಕೂ ಮೊದಲು ವಿಡಿಯೋ ಒಂದು ಸಿಕ್ಕಿದರೆ ಅದನ್ನು ಬಿಚ್ಚುವ ಕೋಡೆಕ್ ಹುಡುಕುತ್ತಾ ಅಲೆಯಬೇಕಿತ್ತು. ಸಿಕ್ಕಿದ್ದನ್ನೆಲ್ಲ ಹಾಕಿಕೊಂಡು ಕಂಪ್ಯೂಟರ್ ಕೆಡಿಸಿಕೊಂಡವರು ಎಷ್ಟೋ ಜನ. ವಿಎಲ್‌ಸಿ ಬಹುಪಾಲು ಕೋಡೆಕ್‌ಗಳನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡು ಬಂತು. ಅಪ್ಪಯ್ಯನ ಡಿಸ್ಕಿನಲ್ಲಿ ಹಳೇ ಫೋನಿನ ಎಎಂಆರ್ ಇತ್ತು, ರೆಕಾರ್ಡರಿನ ವೇವ್ ಇತ್ತು, ವಾಟ್ಸ್‌ಆ್ಯಪಿನಲ್ಲಿ ಬಂದ ಓಪಸ್ ಇತ್ತು. ಒಂದನ್ನೂ ಅದು ‘ನನಗೆ ಬಾರದು’ ಎಂದು ತಳ್ಳಲಿಲ್ಲ. ಅದರ ಗುರುತಾದ, ಸಂಚಾರಿ ಪೊಲೀಸರು ರಸ್ತೆಯಲ್ಲಿಡುವಂಥ ಆ ಕಿತ್ತಳೆ ಬಣ್ಣದ ಕೋನು ನನ್ನ ಪಾಲಿಗೆ ಮನೆ ಬಾಗಿಲ ರಂಗೋಲಿಯಷ್ಟು ಪರಿಚಿತ.

ಮ್ಯಾಕ್ ಬಳಸುವವರಿಗೆ 2007ರಿಂದಲೇ ಕ್ವಿಕ್ ಲುಕ್ ಇದೆ. ಫೈಲಿನ ಮೇಲೆ ನಿಂತು ಸ್ಪೇಸ್ ಒತ್ತಿದರೆ ಅಲ್ಲೇ ಹಾಡುತ್ತದೆ, ಮತ್ತೆ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ವಿಂಡೋಸಿನಲ್ಲಿ ಪವರ್‌ಟಾಯ್ಸ್ ಹಾಕಿಕೊಂಡರೆ ಪೀಕ್ ಎಂಬುದು ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತದೆ. ಪೀಕ್ ಎಂದರೆ ನಮ್ಮ ಇಣುಕು. ಚೆಂದದ ಹೆಸರು.

ಐದನೇ ದಿನ ಧ್ವನಿ ಹಿಡಿಯುವ, ತಿದ್ದುವ ಆಡಾಸಿಟಿ ಎಂಬ ತಂತ್ರಾಂಶ ತೆರೆದ ಮೇಲೆ ಕೆಲಸದ ಬಣ್ಣವೇ ಬದಲಾಯಿತು. ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಲು ಅದನ್ನು ಹಾಕಿಕೊಂಡಿದ್ದೆ. ಡೆಕ್ಕಿನ ಲೈನ್ ಔಟ್‌ನಿಂದ ಒಂದು ತಂತಿ, ಕಂಪ್ಯೂಟರಿನ ಲೈನ್ ಇನ್‌ಗೆ. ಇದರಲ್ಲಿ ಅವಸರ ಮಾಡುವ ದಾರಿ ನನಗಿರಲಿಲ್ಲ, 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು. ನಮ್ಮವು ಹೆಚ್ಚಿನವು 90ರವೇ, 62 ಕ್ಯಾಸೆಟ್ಟಿಗೆ ಸುಮಾರು 93 ಗಂಟೆ. ಸಿಡಿಯ ಗುಣಮಟ್ಟದಲ್ಲಿ ಹಿಡಿದರೆ ಒಂದೊಂದೂ 950 ಎಂಬಿಯ ಆಸುಪಾಸು. ಫ್ಲ್ಯಾಕ್ ಎಂಬ ಕುಗ್ಗಿಸಿದ ರೂಪಕ್ಕೆ ತಂದರೆ ಧ್ವನಿ ಒಂದಿಷ್ಟೂ ಕಳೆಯದೆ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಆ ಲೆಕ್ಕ ಇರಲಿ, ಹೇಳಬೇಕಾದದ್ದು ಅಲೆಗಳ ಬಗ್ಗೆ. ಆಡಾಸಿಟಿ ಧ್ವನಿಯನ್ನು ನೀಲಿ ಅಲೆಯಾಗಿ ಪರದೆಯ ಉದ್ದಕ್ಕೂ ಬರೆಯುತ್ತದೆ. ಎರಡು ದಿನ ನೋಡುವಷ್ಟರಲ್ಲಿ ಅದನ್ನು ಓದಲು ಬಂತು. ಗೋಡೆಯ ಹಾಗೆ ಒತ್ತಾಗಿ ಎದ್ದು ನಿಂತದ್ದು ಪದ್ಯ, ಮದ್ದಲೆ, ತಾಳ. ಅದರ ಪಕ್ಕ ಗದ್ದೆಯಂಚಿನ ಬೇಲಿಯ ಹಾಗೆ ಬಿಡಿಬಿಡಿಯಾಗಿ ನಿಂತದ್ದು ಅರ್ಥ. ಇಬ್ಬರು ಜಿದ್ದಿಗೆ ಬಿದ್ದು ಒಬ್ಬರ ಮಾತು ಇನ್ನೊಬ್ಬರು ಕಡಿಯುತ್ತಿದ್ದರೆ ಬೇಲಿ ಒತ್ತೊತ್ತಾಗುತ್ತದೆ. ಒಬ್ಬರೇ ನಿಧಾನಕ್ಕೆ ಪೀಠಿಕೆ ಹಾಕುತ್ತಿದ್ದರೆ ಗೂಟದಿಂದ ಗೂಟಕ್ಕೆ ದೂರ. ಧ್ವನಿಗೂ ಮುಖ ಸಿಕ್ಕಿತು ಎಂದು ಖುಷಿಯಾಯಿತು. 418 ಫೈಲುಗಳನ್ನೂ, ಕ್ಯಾಸೆಟ್ಟಿನಿಂದ ಇಳಿಸಿದ್ದನ್ನೂ ಅದರಲ್ಲೇ ತೆರೆದು ಅಲೆ ನೋಡಿ ವಿಂಗಡಿಸತೊಡಗಿದೆ. ಏನೂ ಇಲ್ಲದ ತೆಳು ಗೆರೆ ಕಂಡದ್ದನ್ನು ‘ಖಾಲಿ’ ಎಂಬ ಬೇರೆ ಫೋಲ್ಡರಿಗೆ ತಳ್ಳಿದೆ, ಕೊನೆಗೆ ಅಳಿಸಿದರಾಯಿತೆಂದು.

ಪ್ರಸಂಗ ಯಾವುದು, ಅರ್ಥ ಹೇಳಿದವರು ಯಾರು ಎಂದು ನಾನೇ ಕಂಡುಹಿಡಿಯಬಲ್ಲೆ. ಯಾವಾಗಿನದು ಎಂದು ಹೇಗೆ ಹೇಳಲಿ? ಡಿಜಿಟಲ್ ರೆಕಾರ್ಡರಿನ ಎಷ್ಟೋ ಫೈಲುಗಳ ಮೇಲೆ 1980ರ ಜನವರಿ 1 ಎಂದಿತ್ತು. ಬ್ಯಾಟರಿ ಪೂರ್ತಿ ಇಳಿದರೆ ಅಂಥ ಸಾಧನಗಳ ಗಡಿಯಾರ ಮೊದಲಿಗೆ ಹೋಗಿ ನಿಲ್ಲುತ್ತದೆ, ಅವುಗಳ ಕಾರ್ಡು ಫೈಲುಗಳನ್ನು ಜೋಡಿಸಿಡಲು ಬಳಸುವ ಫ್ಯಾಟ್ ಪದ್ಧತಿಯಲ್ಲಿ ಕಾಲ ಶುರುವಾಗುವುದೇ ಆ ದಿನದಿಂದ. ಅಮ್ಮನಿಗೆ ತೋರಿಸಿದೆ.

“1980ರಲ್ಲಿ ನಾನಿನ್ನೂ ಈ ಮನೆ ಹೊಸಿಲು ತುಳಿದಿರ್ಲಿಲ್ಲ. ಇದ್ರಲ್ಲಿ ನಾನೇ ಕಾಫಿಗೆ ಕರೀತಿದೀನಲ್ಲ ಮಾರಾಯಾ” ಎಂದಳು.

ಅಲ್ಲಿಂದ ಅಮ್ಮ ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಮಧ್ಯಾಹ್ನದ ಊಟ ಆದ ಮೇಲೆ ಎರಡು ಗಂಟೆ, ರಾತ್ರಿ ಒಂದು ಗಂಟೆ. ಅವಳು ಕೇಳುವ ಬಗೆಯೇ ಬೇರೆ. ನಾನು ಮಾತು ಕೇಳುತ್ತಿದ್ದೆ, ಅವಳು ಮಾತಿನ ಹಿಂದೆ ಇರುವುದನ್ನು ಕೇಳುತ್ತಿದ್ದಳು. ಒಂದು ಕ್ಯಾಸೆಟ್ಟಿನಲ್ಲಿ ಅರ್ಥಧಾರಿ ಭರದಲ್ಲಿದ್ದಾಗ “ಸ್ವಲ್ಪ ನಿಲ್ಸು” ಎಂದಳು. “ಮಳೆ ಕೇಳ್ತಾ? ಇದು ಹಂಚಿನ ಮೇಲಿನ ಮಳೆ.” ನನಗೆ ಸುಮ್ಮನೆ ಸುಯ್ ಎಂದಷ್ಟೇ ಕೇಳಿತು, ಟೇಪಿನ ಸದ್ದೇ ಇರಬೇಕು ಅಂದುಕೊಂಡೆ. ಇನ್ನೊಂದನ್ನು ಹಾಕಿಸಿದಳು. ಅದರಲ್ಲಿ ಮಳೆ ಬಡಿಯುತ್ತಿತ್ತು, ಅರ್ಥಧಾರಿ ದನಿ ಎತ್ತರಿಸಬೇಕಾಗಿತ್ತು. “ಇದು ಶೀಟಿನದ್ದು.” ಜಗುಲಿಯ ಮುಂದಿನ ಮಾಡಿಗೆ ಹಂಚು ತೆಗೆದು ಶೀಟು ಹಾಕಿಸಿದ್ದು 1998ರಲ್ಲಿ, ಅಡಿಕೆಗೆ ಒಳ್ಳೇ ಧಾರಣೆ ಸಿಕ್ಕಿದ ವರ್ಷ ಎಂದು ಅವಳಿಗೆ ನೆನಪಿದೆ. ನಮ್ಮ ಜಗುಲಿಯಲ್ಲಿ ಹಿಡಿದ ಕ್ಯಾಸೆಟ್ಟುಗಳು ಒಂದೇ ಮಧ್ಯಾಹ್ನದಲ್ಲಿ ಎರಡು ಪಾಲಾದವು, ಹಂಚಿನವು ಮತ್ತು ಶೀಟಿನವು. ಎರಡು ಫೋಲ್ಡರಿಗೂ ಅದೇ ಹೆಸರಿಟ್ಟೆ.

ಒಂದು ಕ್ಯಾಸೆಟ್ಟಿನಲ್ಲಿ ದೊಡ್ಡಪ್ಪನ ದನಿ ಹೋಗಹೋಗುತ್ತಾ ತೆಳ್ಳಗಾಗಿ, ಮಕ್ಕಳ ದನಿಯಾಗಿ, ಕೊನೆಗೆ ಓಡೋಡಿ ಮುಗಿಯುತ್ತಿತ್ತು. ನಾನು ಟೇಪು ಕೆಟ್ಟಿದೆ ಎಂದುಕೊಂಡಿದ್ದೆ. “ಆ ದಿನ ಕರೆಂಟಿರ್ಲಿಲ್ಲ, ಸೆಲ್ ಹಾಕಿ ಹಿಡ್ದಿದ್ರು” ಎಂದಳು ಅಮ್ಮ. ತಟ್ಟನೆ ಅರ್ಥವಾಯಿತು. ಸೆಲ್ಲು ಇಳಿಯುತ್ತಾ ಬಂದಂತೆ ಟೇಪು ನಿಧಾನಕ್ಕೆ ಸುತ್ತಿದೆ. ನಿಧಾನಕ್ಕೆ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ಬಿಟ್ಟರೆ ದನಿ ಓಡುತ್ತದೆ, ಏರುತ್ತದೆ. ವಿಎಲ್‌ಸಿಯಲ್ಲಿ ವೇಗ ಇಳಿಸಿದರೆ ಇದು ಸರಿಹೋಗುವುದಿಲ್ಲ, ಅದು ಶ್ರುತಿಯನ್ನು ಹಾಗೇ ಉಳಿಸಿಕೊಂಡು ಮಾತನ್ನು ಮಾತ್ರ ಎಳೆಯುತ್ತದೆ. ಆಡಾಸಿಟಿಯಲ್ಲಿ ವೇಗ ಬದಲಿಸಿದರೆ ಶ್ರುತಿಯೂ ಜೊತೆಗೇ ಇಳಿಯುತ್ತದೆ. ಎರಡೆರಡು ನಿಮಿಷದ ತುಂಡು ಮಾಡಿ ಒಂದೊಂದಕ್ಕೂ ಸ್ವಲ್ಪ ಸ್ವಲ್ಪ ವೇಗ ಇಳಿಸುತ್ತಾ ಹೋದೆ. “ಇನ್ನೂ ದಪ್ಪ, ಇನ್ನೂ ದಪ್ಪ, ಹಾಂ, ಈಗ ಭಾವನ ದನಿ” ಎಂದು ಅಮ್ಮ ಒಪ್ಪುವವರೆಗೆ.

ಹೆಸರಿಡುವುದು ಇನ್ನೊಂದು ದೊಡ್ಡ ಕೆಲಸ. ನಾನು ಕನ್ನಡದಲ್ಲೇ ಇಡುತ್ತೇನೆ ಎಂದು ಹಟ ಹಿಡಿದೆ. ಇಂಗ್ಲಿಷ್ ಅಕ್ಷರದಲ್ಲಿ ತಾಳಮದ್ದಲೆ ಎಂದು ಬರೆಯಲು ಹತ್ತು ಬಗೆ ಇದೆ. ನಾನು ಒಂದು ಬಗೆ ಬರೆದದ್ದನ್ನು ತಂಗಿ ಇನ್ನೊಂದು ಬಗೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಪ್ಪಯ್ಯ ಒಂದಷ್ಟರ ಪಟ್ಟಿಯನ್ನು ಹಿಂದೆ ಯಾರ ಹತ್ತಿರವೋ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದರು. ಅದು ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯುನಿಕೋಡ್ ಬಾರದ ಕಾಲದ ಅಕ್ಷರ, ಒಳಗಿರುವುದು ಲ್ಯಾಟಿನ್ ಗುರುತುಗಳು, ಮೇಲೆ ಫಾಂಟಿನ ಹೊದಿಕೆ. ಫೈಲಿನ ಹೆಸರಿಗೆ ಫಾಂಟು ಹೊದಿಸಲು ಬರುವುದಿಲ್ಲವಲ್ಲ. ಅಲ್ಲಿಂದ ನಕಲು ಮಾಡಿ ಅಂಟಿಸಿದ ಹೆಸರೆಲ್ಲ ತಲೆಬುಡವಿಲ್ಲದ ಗೀಚಾಗಿ ನಿಂತವು. ಎಲ್ಲವನ್ನೂ ಯುನಿಕೋಡಿನಲ್ಲಿ ಹೊಸದಾಗಿ ಬರೆದೆ.

ಪ್ರಸಂಗ, ಸ್ಥಳ, ಭಾಗವತರು, ಅರ್ಥಧಾರಿಗಳು, ವರ್ಷ, ಎಲ್ಲವನ್ನೂ ಹೆಸರಿನಲ್ಲೇ ತುಂಬಿದ್ದೆ. ಅಪ್ಪಯ್ಯನ ವಿಂಡೋಸ್ ಕಂಪ್ಯೂಟರು ಒಪ್ಪಿಕೊಂಡಿತು. ನನ್ನ ಲಿನಕ್ಸಿಗೆ ನಕಲು ಮಾಡುವಾಗ ಹೆಸರು ಉದ್ದವಾಯಿತು ಎಂದು ಒಂದಾದ ಮೇಲೊಂದು ಫೈಲು ನಿಂತಿತು. ಎರಡೂ ಕಡೆ ಮಿತಿ 255 ಎಂದೇ ಇದೆ. ವಿಂಡೋಸು ಅಕ್ಷರದ ಗುರುತುಗಳನ್ನು ಎಣಿಸಿದರೆ ಲಿನಕ್ಸು ಬೈಟುಗಳನ್ನು ಎಣಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಯುನಿಕೋಡನ್ನು ಬೈಟುಗಳಲ್ಲಿ ಬರೆದಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿ ಗುರುತಿಗೂ ಮೂರು, ಕೊಂಬಿಗೂ ಮೂರು, ಒತ್ತು ಹಾಕುವ ಅರ್ಧಚಂದ್ರಕ್ಕೂ ಮೂರು. ಹಾಗಾಗಿ ನಮಗೆ ಸಿಗುವುದು 85 ಗುರುತು. ‘ತಾಳಮದ್ದಲೆ’ ಎಂಬ ಒಂದೇ ಪದಕ್ಕೆ 27 ಬೈಟು. ಎಂಪಿ3ಯ ಒಳಗೆ ಶೀರ್ಷಿಕೆ ಬರೆಯುವ ಐಡಿ3 ಚೀಟಿಯ ಮೊದಲ ರೂಪದಲ್ಲಿ ಶೀರ್ಷಿಕೆಗಿದ್ದ ಜಾಗವೇ 30 ಬೈಟು, ಕನ್ನಡವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನನಗೆ ಇದರಲ್ಲಿ ಬೇಸರವಿದೆ. ಈ ಮಿತಿಗಳನ್ನು ಗೊತ್ತುಮಾಡಿದ ಕೋಣೆಗಳಲ್ಲಿ ನಮ್ಮಂಥ ಭಾಷೆಯವರು ಕೂತಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಕೊನೆಗೆ ಹೆಸರನ್ನು ಚಿಕ್ಕದು ಮಾಡಿ, ಉಳಿದ ವಿವರವನ್ನು ಅದೇ ಫೋಲ್ಡರಿನಲ್ಲಿ ಒಂದು ಸಾದಾ ಪಠ್ಯದ ಫೈಲಿನಲ್ಲಿ ಬರೆದಿಟ್ಟೆ. ಅದು ಯಾವ ಕಾಲಕ್ಕೂ ತೆರೆಯುತ್ತದೆ ಎಂಬ ಧೈರ್ಯವಿದೆ.

ಅಮ್ಮನಿಗೆ ಕೇಳಲು ಪೆನ್‌ಡ್ರೈವ್ ಚುಚ್ಚುವ ಒಂದು ಸ್ಪೀಕರ್ ತಂದಿದ್ದೆ. ಅದಕ್ಕೆ ಫ್ಲ್ಯಾಕ್ ಬಾರದು, ಎಂಪಿ3 ಪ್ರತಿ ಬೇರೆ ಮಾಡಿಕೊಟ್ಟೆ. ಮೊದಲ ದಿನ ಪ್ರಸಂಗದ ನಡುವಿನ ಭಾಗ ಮೊದಲು ಬಂತು. ಅದು ಹೆಸರು ನೋಡುವುದೇ ಇಲ್ಲ, ಪೆನ್‌ಡ್ರೈವಿಗೆ ಯಾವ ಕ್ರಮದಲ್ಲಿ ನಕಲು ಮಾಡಿದೆವೋ ಅದೇ ಕ್ರಮದಲ್ಲಿ ಹಾಡುತ್ತದೆ. ಎಲ್ಲ ಅಳಿಸಿ 01, 02, 03 ಎಂದು ಹೆಸರಿನ ಮುಂದೆ ಅಂಕಿ ಹಾಕಿ, ಒಂದೊಂದಾಗಿ ಸಾಲಿಗೆ ಸರಿಯಾಗಿ ನಕಲು ಮಾಡಿದೆ. ಈಗ ಅಮ್ಮ ಅಡಿಕೆ ಸುಲಿಯುವಾಗ ಅದು ಹಾಡುತ್ತಿರುತ್ತದೆ.

ಹದಿಮೂರನೇ ದಿನ ಉಳಿದದ್ದು ‘ಖಾಲಿ’ ಫೋಲ್ಡರ್. ಹನ್ನೊಂದು ಫೈಲು. ಎಲ್ಲವನ್ನೂ ಒಟ್ಟಿಗೆ ಗುರುತು ಹಾಕಿ ಡಿಲೀಟ್ ಒತ್ತಬೇಕು, ಅಷ್ಟರಲ್ಲಿ ಅಮ್ಮ “ಅದೆಂತದ್ದು?” ಎಂದಳು. ಏನೂ ಇಲ್ಲ, ಟೇಪು ಸುಮ್ಮನೆ ಓಡಿದ್ದು ಎಂದೆ. “ಒಂದ್ಸಲ ಹಾಕು.”

ಮೊದಲ ಮೂರರಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ನಾಲ್ಕನೆಯದು ಒಂದು ಕ್ಯಾಸೆಟ್ಟಿನ ಎರಡನೇ ಮಗ್ಗುಲಿನ ಕೊನೆಯ 22 ನಿಮಿಷ. ಮಂಗಳ ಹಾಡಿ ಮುಗಿದಿದೆ, ಅಪ್ಪಯ್ಯ ರೆಕಾರ್ಡರ್ ನಿಲ್ಲಿಸುವುದು ಮರೆತು ಒಳಗೆ ಹೋಗಿದ್ದಾರೆ. ಅಲೆ ನೂಲಿನಷ್ಟು ತೆಳ್ಳಗೆ. ಧ್ವನಿಯ ಮಟ್ಟ ಏರಿಸಿದೆ. ಟೇಪಿನ ಭೋರ್ ಜೊತೆ ದೂರದ ನಡುಮನೆಯಿಂದ ಪಾತ್ರೆಯ ಸದ್ದು, ಸೌಟಿನ ಸದ್ದು, ಹೆಂಗಸೊಬ್ಬರು “ಕಡುಬು, ಕಡುಬು” ಎನ್ನುತ್ತಾ ಪಂಕ್ತಿಯಲ್ಲಿ ನಡೆದುಹೋಗುವುದು. ಹಲಸಿನ ಹಣ್ಣಿನ ಕಡುಬು, ಆಷಾಢವಲ್ಲವೇ. ಬಡಿಸುವವರು ಹತ್ತಿರ ಬಂದಂತೆ ಒಬ್ಬೊಬ್ಬರೇ ಸಾಕು ಎನ್ನುತ್ತಾರೆ. ಒಂದು ಸಾಕು ಗಂಟಲಿನದು, ಒಂದು ಮೂಗಿನದು, ಒಂದು ಎರಡು ಸಲ ಬಂದದ್ದು.

ಅಮ್ಮ ಮುಂದಕ್ಕೆ ಬಾಗಿ ಕೂತಳು. ಬಡಿಸುತ್ತಿದ್ದದ್ದು ಅತ್ತೆಯಮ್ಮ, ಅಂದರೆ ನನ್ನ ಅಜ್ಜಿ. ಆಮೇಲೆ ಸಾಕುಗಳನ್ನು ಎಣಿಸತೊಡಗಿದಳು. ಇದು ಭಾವ. ಇದು ಮದ್ದಲೆಯವರು. ಇದು ಕೆಳಗಿನ ಮನೆಯವರು. “ಇದು ಮೇಷ್ಟ್ರು!” ಊರಿನ ಶಾಲೆಗೆ 1987ರಲ್ಲಿ ಬಂದು, 1991ರ ಬೇಸಿಗೆಯಲ್ಲಿ ವರ್ಗವಾಗಿ ಹೋದವರು ಅವರು. ಹಾಗಾದರೆ ನಾಲ್ಕು ಮಳೆಗಾಲದಲ್ಲಿ ಯಾವುದೋ ಒಂದು. ಹಿಂದಿನಿಂದ ಮಗುವಿನ ಅಳು ಕೇಳಿತು. ನಾನಿರಬೇಕು ಎಂದೆ. “ನೀನಲ್ಲ. ನೀನು ಅತ್ರೆ ಉಸಿರು ಕಟ್ತಿತ್ತು. ಇದು ತಂಗಿ, ತೊಟ್ಲಲ್ಲಿ.” ತಂಗಿ ಹುಟ್ಟಿದ್ದು 1989ರ ಡಿಸೆಂಬರಿನಲ್ಲಿ.

1990ರ ಮಳೆಗಾಲ. ಅದೇ ಪೆನ್ನು, ಅದೇ ಬಗೆಯ ಚೀಟಿ ಇದ್ದ ಇನ್ನೂ ಐದು ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಹಾಕಿ ಕೇಳಿದೆವು. ಎರಡರಲ್ಲಿ ಮೇಷ್ಟ್ರು ಮತ್ತೆ ಸಿಕ್ಕರು, ಒಂದರಲ್ಲಿ ಅರ್ಥ ಹೇಳುತ್ತಾ. ಅವನ್ನು ‘ಹಂಚು’ ಫೋಲ್ಡರಿನಿಂದ ತೆಗೆದು 1990 ಎಂಬ ಹೊಸ ಫೋಲ್ಡರಿಗೆ ಹಾಕಿದೆ. ಊಟದ ಫೈಲಿಗೆ ಏನು ಹೆಸರಿಡಲಿ ಎಂದು ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಪರದೆ ನೋಡಿದಳು.

“‘ಮಂಗಳ ಆದ್ಮೇಲೆ, ಅತ್ತೆಯಮ್ಮ ಕಡುಬು ಬಡಿಸಿದ್ದು’ ಅಂತ ಬರಿ. ಜಾಗ ಸಾಕಾಗ್ತದಾ?”

ಎಣಿಸಿ ನೋಡಿದೆ. ಸಾಕಾಗುತ್ತಿತ್ತು. ಟೈಪ್ ಮಾಡಿ ಎಂಟರ್ ಒತ್ತುವಷ್ಟರಲ್ಲಿ ಅವಳು ಸ್ಟೂಲು ಇನ್ನಷ್ಟು ಹತ್ತಿರ ಎಳೆದುಕೊಂಡು, “ಇನ್ನು ಏಳಿದೆಯಲ್ಲ, ಹಾಕು” ಎಂದಳು.